ಪಡುವಣಕ್ಕೆ ಮುಖ ಮಾಡಿ ಕೂತವನು

"ಗುರುಗಳೇ, ಇನ್ನು ನಾನು ಹೊರಗೆ ಹೋಗಿ ನಾಲ್ಕು ಜನಕ್ಕೆ ಹೇಳಬಹುದೇ?"

ಕೇಳಿದವನು ಬೊಮ್ಮಯ್ಯ. ಗುರುವಿನ ಬಳಿ ಒಂಬತ್ತು ವರ್ಷ ಇದ್ದವನು. ಘಟ್ಟದ ಮೇಲಿನ ಒಂದು ಊರಿನವರು ಅವನಿಗಾಗಿ ಕೋಣೆಯೊಂದನ್ನು ಕಟ್ಟಿಸಿ, ಕರೆದೊಯ್ಯಲು ಗಾಡಿ ಕಳಿಸಿದ್ದರು. ಗಾಡಿ ಅಂಗಳದ ಆಚೆ ನಿಂತಿತ್ತು. ಎತ್ತುಗಳಿಗೆ ಹುಲ್ಲು ಹಾಕಿಯೂ ಆಗಿತ್ತು. ಅಂದರೆ ಅಪ್ಪಣೆ ಕೇಳುವ ಮೊದಲೇ ಹೊರಡುವುದು ಗಟ್ಟಿಯಾಗಿತ್ತು.

ಬೊಮ್ಮಯ್ಯ ಸುಳ್ಳುಗಾರನಲ್ಲ, ಸೋಮಾರಿಯೂ ಅಲ್ಲ. ದಿನವೂ ಪಾಠ ಮುಗಿದ ಮೇಲೆ ಗುರು ಜಗಲಿಯ ಮೇಲೆ ಬಹಳ ಹೊತ್ತು ಸುಮ್ಮನೆ ಕೂತಿರುತ್ತಿದ್ದರು. ಬೇರೆ ಶಿಷ್ಯರು ಆ ಹೊತ್ತಿನಲ್ಲಿ ತೂಕಡಿಸುತ್ತಿದ್ದರು. ಬೊಮ್ಮಯ್ಯ ಮಾತ್ರ ತಲೆ ಬಗ್ಗಿಸಿ, ಅಂದು ಕೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಬರೆದಿಟ್ಟುಕೊಳ್ಳುತ್ತಿದ್ದ. ಹಾಗೆ ಬರೆದ ಪುಸ್ತಕಗಳ ಗಂಟು ಈಗ ಅವನ ಕಂಕುಳಲ್ಲಿತ್ತು.

"ನೀವು ಹೇಳಿದ ಮಾತೆಲ್ಲ ನನ್ನ ನಾಲಿಗೆಯ ಮೇಲಿದೆ," ಎಂದ ಬೊಮ್ಮಯ್ಯ. "ಯಾವ ಕತೆ, ಯಾವ ಪ್ರಶ್ನೆಗೆ, ಯಾವ ದಿನ ಹೇಳಿದಿರಿ ಎಂಬುದೂ ಗೊತ್ತು. ನಂಬಿ ಬರುವವರನ್ನು ನಾನು ದಡ ಸೇರಿಸಬಲ್ಲೆ."

ಗುರು ಗಾಡಿಯನ್ನು ನೋಡಿದರು, ಗಂಟನ್ನು ನೋಡಿದರು. "ಎತ್ತುಗಳು ಇನ್ನೂ ಮೇಯುತ್ತಿವೆ. ಕೂತುಕೋ," ಎಂದರು. ಆಮೇಲೆ ಈ ಕತೆ ಹೇಳಿದರು.

ಸಮುದ್ರದ ದಂಡೆಯ ಒಂದು ಪೇಟೆಯಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅಂಗಡಿ ಚೆನ್ನಾಗಿ ನಡೆಯುತ್ತಿತ್ತು. ಮನೆಯಲ್ಲಿ ಹೆಂಡತಿ ಒಳ್ಳೆಯವಳು. ಅವನಿಗಿದ್ದ ಹುಚ್ಚು ಒಂದೇ, ಗಾಳ ಹಾಕುವುದು. ಅದೂ ಕರಿಮೀನಿಗೆ. ಮಳೆಗಾಲ ಮುಗಿದು, ನವರಾತ್ರಿ ಕಳೆದು, ಸಮುದ್ರ ತಿಳಿಯಾದಾಗ ಕರಿಮೀನು ನೀರೊಳಗಿನ ಬಂಡೆಗಳ ಸಂದಿಗೆ ಬಂದು ಸೇರುತ್ತದೆ. ಬಂಡೆಯಷ್ಟೇ ಕಪ್ಪು, ಬಂಡೆಯಷ್ಟೇ ಹಟಮಾರಿ. ಬಲೆಗೆ ಬೀಳುವುದಿಲ್ಲ. ಅದು ಬೇಕೆಂದರೆ ದೋಣಿಯಲ್ಲಿ ಹೋಗಿ, ಬಂಡೆಯ ನೆತ್ತಿಯ ಮೇಲೆಯೇ ಲಂಗರು ಹಾಕಿ, ಕೈಯಲ್ಲಿ ದಾರ ಹಿಡಿದು ಕೂರಬೇಕು. ದೀಪಾವಳಿಯ ಆಚೀಚೆ ಒಂದೂವರೆ ತಿಂಗಳು, ಅಷ್ಟೇ ಅದರ ಕಾಲ.

ವ್ಯಾಪಾರಿ ಒಬ್ಬ ಅಂಬಿಗನ ದೋಣಿಯನ್ನು ಬಾಡಿಗೆಗೆ ಹಿಡಿದ. ಅಂಬಿಗ ಮಾತು ಕಡಿಮೆ ಆಡುವವನು. ಕೇಳಿದರೆ ಹೇಳುತ್ತಿದ್ದ, ಕೇಳದಿದ್ದರೆ ಎಲೆಯಡಿಕೆಯ ಕವಳ ಜಗಿಯುತ್ತಿದ್ದ.

ವ್ಯಾಪಾರಿ ಕೇಳುವುದರಲ್ಲಿ ಜಾಣ. ನೀರೊಳಗಿನ ಬಂಡೆ ಸಿಕ್ಕುವುದು ಹೇಗೆ ಎಂದು ಕೇಳಿದ. ದಡದ ಒಂಟಿ ತಾಳೆಮರ ಹಿಂದಿನ ಗುಡ್ಡದ ಸೀಳಿನೊಳಗೆ ಕಾಣಬೇಕು, ದ್ವೀಪದ ತುದಿ ಬಿಳಿ ಬಂಡೆಯನ್ನು ಮುಚ್ಚಬೇಕು, ಆ ಎರಡೂ ಕೂಡಿದ ಕಡೆ ಬಂಡೆ ಇದೆ ಎಂದ ಅಂಬಿಗ. ಗಾಳಕ್ಕೆ ಏನು ಹಾಕುವುದು ಎಂದು ಕೇಳಿದ. ಸಣ್ಣ ಏಡಿಯ ಕಾಲು ಮುರಿದು, ಎರಡು ಹೋಳು ಮಾಡಿ ಹಾಕಬೇಕು. ಎಳೆಯುವುದು ಯಾವಾಗ? ಮೊದಲ ಸಲ ತಟ್ಟಿದಾಗ ಎಳೆಯಬಾರದು, ಆಗ ಅದು ಚಿಪ್ಪನ್ನು ಒಡೆಯುತ್ತಿರುತ್ತದೆ, ಕೊಕ್ಕೆ ತುಟಿಯ ಹೊರಗೇ ಇರುತ್ತದೆ. ಎರಡನೆಯ ಸಲ ಕಚ್ಚಿದಾಗ ಎಳೆಯಬೇಕು. ಎಳೆದ ಮೇಲೆ ಮೀನು ಸಂದಿಗೆ ಹೊಕ್ಕರೆ? ದಾರ ಸಡಿಲ ಬಿಟ್ಟು ಕಾಯಬೇಕು, ತಾನಾಗಿ ಹೊರಗೆ ಬರುತ್ತದೆ.

ಮೂರು ವರ್ಷ ಹೀಗೆ ನಡೆಯಿತು. ವ್ಯಾಪಾರಿಯ ಕೈ ಪಳಗಿತು. ಸಿಕ್ಕಿದ ಮೀನನ್ನು ನೆಂಟರಿಗೆ, ನೆರೆಯವರಿಗೆ ಹಂಚಿದ. ಪೇಟೆಯಲ್ಲಿ ಜನ ಅವನ ಕೈಗುಣವನ್ನು ಹೊಗಳಿದರು. ಹೊಗಳಿಕೆ ಯಾರಿಗೆ ಬೇಡ? ಅಂಬಿಗನಿಗಿಂತ ತಾನೇ ಹೆಚ್ಚು ಹಿಡಿಯುತ್ತೇನೆ ಎಂದು ಅವನೇ ಒಂದು ದಿನ ಅಂಗಡಿಯಲ್ಲಿ ಹೇಳಿದ. ಅದು ಸುಳ್ಳೂ ಆಗಿರಲಿಲ್ಲ. ಅಂಬಿಗ ಗಾಳ ಹಾಕುತ್ತಲೇ ಇರಲಿಲ್ಲ.

ಲಂಗರು ಇಳಿಸಿ, ಏಡಿ ಕಟ್ಟಿಕೊಟ್ಟ ಮೇಲೆ ಅಂಬಿಗ ದೋಣಿಯ ಮೂತಿಗೆ ಹೋಗಿ ಕೂರುತ್ತಿದ್ದ. ಲಂಗರಿನ ಹಗ್ಗ ಅವನ ಬಲಗೈಯ ಹತ್ತಿರ. ಬೆನ್ನು ವ್ಯಾಪಾರಿಗೆ, ಮುಖ ಪಡುವಣಕ್ಕೆ. ಪಡುವಣದಲ್ಲಿ ನೋಡಲು ಏನಿದೆ? ನೀರು, ನೀರು, ಮತ್ತೂ ನೀರು. ಬಾಡಿಗೆ ಕೊಟ್ಟವನು ದುಡಿಯುವುದು, ತೆಗೆದುಕೊಂಡವನು ಕಾಲು ಚಾಚಿ ಕೂರುವುದು, ಎಂದು ವ್ಯಾಪಾರಿ ಮನಸ್ಸಿನಲ್ಲೇ ನಗುತ್ತಿದ್ದ.

ಅಂಬಿಗ ಹಗ್ಗಕ್ಕೆ ಹಾಕುತ್ತಿದ್ದ ಗಂಟನ್ನು ನೋಡಿಯೂ ವ್ಯಾಪಾರಿಗೆ ನಗು ಬರುತ್ತಿತ್ತು. ಒಂದು ಎಳೆತಕ್ಕೆ ಬಿಚ್ಚಿಹೋಗುವ ಗಂಟು. ವ್ಯಾಪಾರಿ ಬಟ್ಟೆಯ ಮೂಟೆಗೆ ಹಾಕಿದ ಗಂಟು ಘಟ್ಟ ಹತ್ತಿ ಇಳಿದರೂ ಸಡಿಲವಾಗುತ್ತಿರಲಿಲ್ಲ. ಸೋಮಾರಿಯ ಗಂಟೂ ಸೋಮಾರಿಯೇ ಎಂದುಕೊಂಡ.

ಆ ಮೂರು ವರ್ಷಗಳಲ್ಲಿ ನಾಲ್ಕು ಸಲ ಹೀಗಾಯಿತು. ಆಕಾಶದಲ್ಲಿ ಮೋಡವಿಲ್ಲ, ಗಾಳಿಯಿಲ್ಲ, ಮೀನು ಮೇಲಿಂದ ಮೇಲೆ ಕಚ್ಚುತ್ತಿದೆ. ಅಂಬಿಗ ಥಟ್ಟನೆ ಎದ್ದ, ಗಂಟು ಎಳೆದ, ಲಂಗರನ್ನು ಹಗ್ಗದ ಸಮೇತ ನೀರಿಗೇ ಬಿಟ್ಟ, ಹುಟ್ಟು ಹಿಡಿದ.

"ಮೀನು ಕಚ್ಚುತ್ತಿದೆಯಲ್ಲೋ!" ಎಂದ ವ್ಯಾಪಾರಿ.

"ಇವತ್ತಿಗೆ ಸಾಕು, ಒಡೆಯಾ," ಎಂದ ಅಂಬಿಗ.

ಮನೆಯಲ್ಲಿ ಗಂಜಿ ಆರುತ್ತದೆಂಬ ಅವಸರ ಇವನಿಗೆ, ಎಂದುಕೊಂಡ ವ್ಯಾಪಾರಿ. ದಡ ಮುಟ್ಟುವವರೆಗೆ ಮುಖ ಊದಿಸಿಕೊಂಡು, ಬುಟ್ಟಿಯೊಳಗಿನ ಮೀನನ್ನೇ ನೋಡುತ್ತಿದ್ದ. ಒಮ್ಮೆಯೂ ಹಿಂದೆ ತಿರುಗಲಿಲ್ಲ.

ನಾಲ್ಕನೆಯ ವರ್ಷ ವ್ಯಾಪಾರಿ ತನ್ನದೇ ದೋಣಿ ಮಾಡಿಸಿದ. ವಿಜಯದಶಮಿಯ ದಿನ ದೋಣಿಗೆ ಪೂಜೆ. ಅಂಬಿಗನೂ ಬಂದ. ತೆಂಗಿನಕಾಯಿ ಒಡೆದ. ಹೋಗುವಾಗ ತಲೆ ಕೆರೆದುಕೊಳ್ಳುತ್ತ ಹೇಳಿದ.

"ಒಡೆಯಾ, ಮೊದಲೆರಡು ಸರ್ತಿ ನಾನೂ ಬತ್ತೆ. ಬಾಡಿಗೆ ಬ್ಯಾಡ."

"ನಿನ್ನ ಕೆಲಸ ಯಾಕೆ ಕೆಡಿಸಿಕೊಳ್ಳುತ್ತೀಯ? ನೀನು ಹೇಳಿದ್ದೆಲ್ಲ ನನಗೆ ಗೊತ್ತಿದೆ."

ಅಂಬಿಗ ಮತ್ತೆ ಒತ್ತಾಯಿಸಲಿಲ್ಲ. ದೊಡ್ಡವರಿಗೆ ಬುದ್ಧಿ ಹೇಳಿದಂತಾದೀತು ಎಂದು ಹೆದರಿದನೋ ಏನೋ. ಪ್ರಸಾದ ತೆಗೆದುಕೊಂಡು ಹೋಗಿಬಿಟ್ಟ.

ದೀಪಾವಳಿಗೆ ವ್ಯಾಪಾರಿಯ ಹೆಂಡತಿಯ ತಮ್ಮ ಘಟ್ಟದ ಮೇಲಿನಿಂದ ಬಂದ. ಸಮುದ್ರವನ್ನು ಸರಿಯಾಗಿ ನೋಡಿದವನೇ ಅಲ್ಲ. ಭಾವನ ಹೊಸ ದೋಣಿ, ಭಾವನ ಕೈಗುಣ, ಎಲ್ಲ ಕೇಳಿ ಅವನಿಗೂ ಆಸೆಯಾಯಿತು. ಹಬ್ಬದ ಮರುದಿನ ಬೆಳಿಗ್ಗೆ ಇಬ್ಬರೂ ಹೊರಟರು. ಹೆಂಡತಿ ಬುತ್ತಿ ಕಟ್ಟಿಕೊಡುತ್ತ ಗಂಡನಿಗೆ ಹೇಳಿದಳು.

"ಅವನಿಗೆ ಈಜು ಬಾರದು. ನೋಡಿಕೊಳ್ಳಿ."

"ನಾನಿಲ್ಲವೇ?" ಎಂದ ವ್ಯಾಪಾರಿ.

ಹೊಳೆ ಸಮುದ್ರ ಸೇರುವ ಅಳಿವೆ ದಾಟಿದರು. ಸಮುದ್ರ ತಟ್ಟೆಯಲ್ಲಿಟ್ಟ ಎಣ್ಣೆಯಂತಿತ್ತು. ವ್ಯಾಪಾರಿ ಹುಟ್ಟು ಹಾಕುತ್ತ ದಡವನ್ನು ನೋಡುತ್ತಿದ್ದ. ತಾಳೆಮರ ಗುಡ್ಡದ ಸೀಳಿನೊಳಗೆ ಬಂತು. ದ್ವೀಪದ ತುದಿ ಬಿಳಿ ಬಂಡೆಯನ್ನು ಮುಚ್ಚಿತು. ಲಂಗರು ಬಿಟ್ಟ. ಲಂಗರು ಬಂಡೆಗೆ ಕಚ್ಚಿದ್ದು ಹಗ್ಗದಿಂದ ಅಂಗೈಗೆ ತಿಳಿಯಿತು. ಅವನ ಎದೆ ಉಬ್ಬಿತು. ಯಾರ ಸಹಾಯವೂ ಇಲ್ಲದೆ ಬಂಡೆಯ ನೆತ್ತಿಗೆ ಬಂದಿದ್ದ. ಹಗ್ಗಕ್ಕೆ ತನ್ನ ಮೂಟೆಯ ಗಂಟನ್ನು ಹಾಕಿ, ಬಿಗಿದು, ಇನ್ನೊಮ್ಮೆ ಬಿಗಿದ. ಆಮೇಲೆ ಅಂಬಿಗ ಕೂರುತ್ತಿದ್ದ ಜಾಗದಲ್ಲೇ ಕೂತ. ಮುಖ ಮಾತ್ರ ದಡದ ಕಡೆಗೆ. ಗುರುತು ತಪ್ಪಬಾರದಲ್ಲ! ಮೈದುನ ಅವನಿಗೆ ಎದುರಾಗಿ, ಪಡುವಣಕ್ಕೆ ಮುಖ ಮಾಡಿ ಕೂತ.

ವ್ಯಾಪಾರಿ ಕಲಿಸಿದ. ಮೊದಲ ಸಲ ತಟ್ಟಿದಾಗ ಎಳೆಯಬೇಡ ಎಂದ. ಎರಡನೆಯ ಸಲ ಎಳೆ ಎಂದ. ಅಂಬಿಗನ ಮಾತನ್ನು ಅಂಬಿಗನಿಗಿಂತ ಚೆನ್ನಾಗಿ ಹೇಳಿದ. ಮೈದುನ ಹೇಳಿದಂತೆ ಮಾಡಿದ. ಮೊದಲ ಕರಿಮೀನು ದೋಣಿಯೊಳಗೆ ಬಿದ್ದು ಬಡಿದುಕೊಂಡಾಗ ಇಬ್ಬರೂ ಮಕ್ಕಳಂತೆ ಕೂಗಿದರು. ಎರಡನೆಯದು ಬಂತು, ಮೂರನೆಯದು ಬಂತು. ಅಷ್ಟು ಮೀನು ಆ ಬಂಡೆಯಲ್ಲಿ ಎಂದೂ ಕಚ್ಚಿರಲಿಲ್ಲ.

"ಭಾವ," ಎಂದ ಮೈದುನ, "ಅಲ್ಲಿ ದೂರದಲ್ಲಿ ನೀರು ಬೆಳ್ಳಗಾಯಿತು."

"ನೊರೆ ಇರುತ್ತದೆ. ದಾರ ನೋಡು."

ಸ್ವಲ್ಪ ಹೊತ್ತು ಕಳೆಯಿತು. ಮೈದುನನ ದಾರ ತಟ್ಟಿತು. ಅವನು ಎಳೆಯಲಿಲ್ಲ. ತಲೆ ಎತ್ತಿ ದೂರ ನೋಡುತ್ತಿದ್ದ.

"ಭಾವ, ಮತ್ತೆ ಆಯಿತು. ಅದೇ ಜಾಗದಲ್ಲಿ."

ವ್ಯಾಪಾರಿ ನಕ್ಕ. "ನೀರು ಕಾಣದವನಿಗೆ ಬಚ್ಚಲಲ್ಲೂ ಭಯ. ಎಳೆ, ಎಳೆ, ಎರಡನೆಯ ಸಲ ಕಚ್ಚಿತು!"

ಮೈದುನನ ಮುಖ ಕೆಂಪಾಯಿತು. ಎಳೆದ. ಆ ಮೀನು ಎಲ್ಲಕ್ಕಿಂತ ದೊಡ್ಡದು. ಕೊಕ್ಕೆಯಿಂದ ಅದನ್ನು ಬಿಡಿಸುವಾಗ ಅವನು ಇನ್ನೊಮ್ಮೆ ತಲೆ ಎತ್ತಿದ. ಏನನ್ನೋ ನೋಡಿದ. ಬಾಯಿ ತೆರೆದ. ಭಾವನ ಮುಖ ನೋಡಿ ಬಾಯಿ ಮುಚ್ಚಿಕೊಂಡ. ತಲೆ ತಗ್ಗಿಸಿ ದಾರ ನೋಡಿದ. ವ್ಯಾಪಾರಿ ಅದನ್ನು ಕಂಡ. ಹುಡುಗಾಟಿಕೆ ಬಿಟ್ಟ, ಕಲಿಯುತ್ತಿದ್ದಾನೆ ಎಂದು ಸಂತೋಷಪಟ್ಟ.

ಅಷ್ಟರಲ್ಲಿ ದೋಣಿ ಎದ್ದಿತು.

ಅಲೆ ಒಡೆಯಲಿಲ್ಲ, ಸದ್ದು ಮಾಡಲಿಲ್ಲ. ನೀರೇ ಕೆಳಗಿನಿಂದ ಎದ್ದು ನಿಂತಿತು. ತಾಳೆಮರ, ಗುಡ್ಡ, ದ್ವೀಪ ಎಲ್ಲವೂ ತಗ್ಗಿಗೆ ಹೋದವು. ಲಂಗರಿನ ಹಗ್ಗ ಬಿಗಿದು, ದೋಣಿಯ ಮೂತಿಯನ್ನು ಕೆಳಗೆ ಜಗ್ಗಿತು. ಮೂತಿಯ ಮೇಲಿಂದ ನೀರು ಒಳಗೆ ನುಗ್ಗಿತು. ಆಮೇಲೆ ದೋಣಿ ಕೆಳಗೆ ಬಿತ್ತು. ವ್ಯಾಪಾರಿಗೆ ಆಗ ಅರ್ಥವಾಯಿತು. ಹಗ್ಗ ಬಿಡಬೇಕು, ಈಗಲೇ ಬಿಡಬೇಕು.

ಅವನು ಗಂಟಿಗೆ ಕೈ ಹಾಕಿದ. ಅದು ಘಟ್ಟ ಹತ್ತಿ ಇಳಿದರೂ ಬಿಚ್ಚದ ಗಂಟು. ನೆನೆದು, ಜಗ್ಗಿ, ಕಲ್ಲಾಗಿತ್ತು. ಉಗುರು ಹಾಕಿದ. ಉಗುರು ಕಿತ್ತುಬಂತು. ಹಲ್ಲು ಹಾಕಿದ. ಏಡಿ ಕತ್ತರಿಸುವ ಚಾಕು ನೆನಪಾಗಿ ತಿರುಗಿದ. ದೋಣಿಯ ತಳದಲ್ಲಿ ಮೊಣಕಾಲುದ್ದ ನೀರು, ಆ ನೀರಿನಲ್ಲಿ ಹೊರಳಾಡುವ ಕರಿಮೀನುಗಳು. ಚಾಕು ಎಲ್ಲೋ ಅವುಗಳ ಅಡಿಯಲ್ಲಿತ್ತು. ಕೈಯಾಡಿಸಿದ, ಸಿಕ್ಕಿದ್ದೆಲ್ಲ ಮೀನೇ. ಆಯುಷ್ಯದಲ್ಲಿ ಮೊದಲ ಬಾರಿಗೆ ಅವನು ಕರಿಮೀನನ್ನು ಹಿಡಿದು ಹಿಡಿದು ನೀರಿಗೆ ಎಸೆದ.

ಎರಡನೆಯ ಅಲೆ ದೋಣಿಯನ್ನು ಮಗುಚಿತು.

ವ್ಯಾಪಾರಿ ಮೇಲೆದ್ದಾಗ ಒಂದು ಕೈಗೆ ದೋಣಿಯ ಅಂಚು ಸಿಕ್ಕಿತು. ಇನ್ನೊಂದು ಕೈಗೆ ಮೈದುನನ ಮಣಿಕಟ್ಟು ಸಿಕ್ಕಿತು. ಹಿಡಿದ. ಕಿರುಚಿ ಹೇಳಿದ, "ಬಿಡಬೇಡ, ನಾನಿದ್ದೇನೆ." ಮೈದುನ ಬಿಡಲಿಲ್ಲ. ಭಾವ ಹೇಳಿದಂತೆಯೇ ಮಾಡುವವನು ಅವನು. ಮೂರನೆಯ ಅಲೆ ಬಂದು ಹೋದಾಗ ವ್ಯಾಪಾರಿಯ ಕೈ ಖಾಲಿಯಿತ್ತು.

ಅಂಬಿಗ ಬಂದ. ಅವನು ದಡದಲ್ಲಿ ಬಲೆ ಹೆಣೆಯುತ್ತ ಕೂತಿದ್ದ. ಅಲ್ಲೂ ಪಡುವಣಕ್ಕೇ ಮುಖ. ನೀರು ಬೆಳ್ಳಗಾದದ್ದನ್ನು ಕಂಡ, ಬಂಡೆಯ ಮೇಲಿನ ದೋಣಿ ಹೊರಡದೆ ಇದ್ದದ್ದನ್ನೂ ಕಂಡ. ಬಲೆ ಬಿಸಾಡಿ ದೋಣಿ ನೂಕಿದ. ಎಷ್ಟು ಹುಟ್ಟು ಹಾಕಿದರೂ ದೂರ ದೂರವೇ. ಬಂಡೆಗೆ ಹೆದರಿ ಸುತ್ತು ಬಳಸಿ, ಅಲೆಗಳ ನಡುವಿನ ಬಿಡುವು ನೋಡಿ ಹತ್ತಿರ ಬಂದು ವ್ಯಾಪಾರಿಯನ್ನು ಎಳೆದುಕೊಂಡ. ಕತ್ತಲಾಗುವವರೆಗೆ ಆ ನೀರಿನ ಸುತ್ತ ತಿರುಗಿದ. ಇನ್ನೊಬ್ಬ ಸಿಕ್ಕಲಿಲ್ಲ.

ದಡಕ್ಕೆ ಬರುವಾಗ ಸಮುದ್ರ ಮತ್ತೆ ಎಣ್ಣೆಯಂತಾಗಿತ್ತು. ವ್ಯಾಪಾರಿ ಅಂಬಿಗನ ಕಾಲ ಬಳಿ ಕೂತಿದ್ದ. ತಲೆ ಎತ್ತಿ ಕೇಳಿದ.

"ಗಾಳಿ ಇರಲಿಲ್ಲ, ಮೋಡ ಇರಲಿಲ್ಲ. ಎಲ್ಲಿಂದ ಬಂತು?"

"ದೂರದ ಗಾಳಿಯ ಅಲೆ ಅದು, ಒಡೆಯಾ. ಇಲ್ಲಿ ತಿಳೀದಿಲ್ಲ. ಪಡುವಣದಗೆ ನೀರಡಿಗೆ ಇನ್ನೊಂದು ಕಲ್ಲು ಅದೆ. ಬರೀ ದಿನ ಅದು ಕಾಣದಿಲ್ಲ. ಅಲೆ ಬರೂದಾದ್ರೆ ಮೊದಲು ಅದರ ಮೇಲೆ ಬೆಳ್ಳಗೆ ಒಡೀತದೆ. ಒಂದು ಸರ್ತಿ ಕಂಡ್ರೆ ಎದ್ದು ಹೊರಡಬೇಕು. ಒಂದು ಕವಳ ಜಗಿಯಷ್ಟು ಹೊತ್ತು ಸಿಕ್ತದೆ, ಅಷ್ಟೇಯ."

"ಮೂರು ವರ್ಷ ಇದ್ದೆನಲ್ಲೋ ನಿನ್ನ ದೋಣಿಯಲ್ಲಿ! ಒಂದು ಮಾತು ಯಾಕೆ ಹೇಳಲಿಲ್ಲ?"

ಅಂಬಿಗ ಹುಟ್ಟು ನಿಲ್ಲಿಸಿದ. ಅವನ ಕಣ್ಣಲ್ಲಿ ನೀರಿತ್ತು.

"ನೀವು ಕೇಳಿದ್ದಕ್ಕೆಲ್ಲ ಹೇಳಿದೆ. ಅತ್ತ ಯಾಕೆ ನೋಡ್ತೆ ಅಂತ ಕೇಳಲಿಲ್ಲ. ನಾನು ನೋಡ್ತೆ ಇದ್ದೆ, ನಿಮಗೆ ಯಾಕೆ ಅಂದ್ಕಂಡೆ. ಅದು ನನ್ನ ತಪ್ಪು." ಆಮೇಲೆ ಕೇಳಿದ, "ಅವರು ಯಾವ ಬದಿಗೆ ಮೋರೆ ಮಾಡಿ ಕುಂತಿದ್ರು, ಒಡೆಯಾ?"

"ಪಡುವಣಕ್ಕೆ."

"ಹಾಗಾರೆ ಅವರಿಗೆ ಕಂಡಿರಬೇಕು."

"ಕಂಡಿತು," ಎಂದ ವ್ಯಾಪಾರಿ. "ಎರಡು ಸಲ ಹೇಳಿದ. ದಾರ ನೋಡು ಅಂದೆ. ಮೂರನೆಯ ಸಲ ಅವನು ಹೇಳಲಿಲ್ಲ."

ಆಮೇಲೆ ಅವನು ಅತ್ತ. ದೋಣಿ ದಡಕ್ಕೆ ತಾಗಿತು. ದಡದಲ್ಲಿ ಹೆಂಡತಿ ನಿಂತಿದ್ದಳು. ಅವಳು ದೋಣಿಯೊಳಗೆ ನೋಡಿದಳು. ನಾನಿಲ್ಲವೇ ಎಂದವನು ಇದ್ದ. ತಮ್ಮ ಇರಲಿಲ್ಲ.

ಗುರು ಇಲ್ಲಿಗೆ ಕತೆ ನಿಲ್ಲಿಸಿದರು.

ಬೊಮ್ಮಯ್ಯನಿಗೆ ಸಂಕಟವಾಯಿತು, ಸಂಕಟಕ್ಕಿಂತ ಹೆಚ್ಚು ಸಿಟ್ಟು ಬಂತು. "ವ್ಯಾಪಾರಿಯದು ತಪ್ಪೇ. ಒಪ್ಪಿದೆ. ಆದರೆ ಅಂಬಿಗನದೇ ದೊಡ್ಡ ತಪ್ಪು. ಎಲ್ಲ ಹೇಳಿಕೊಟ್ಟವನು ಮುಖ್ಯವಾದದ್ದನ್ನು ಹೇಳದೆ ಬಿಡಬಹುದೇ? ದೋಣಿ ಪೂಜೆಯ ದಿನವಾದರೂ ಕೈ ಹಿಡಿದು, ಇದು ಗೊತ್ತೇ ಎಂದು ಕೇಳಬೇಕಿತ್ತು."

"ಕೇಳಬೇಕಿತ್ತು," ಎಂದರು ಗುರು.

ಅಂಗಳದ ಆಚೆ ಗಾಡಿಯವನು ಎತ್ತುಗಳನ್ನು ನೊಗಕ್ಕೆ ಹೂಡಿ ಕೂಗಿದ. ಬೊಮ್ಮಯ್ಯ ಎದ್ದ. ಪುಸ್ತಕಗಳ ಗಂಟನ್ನು ಕಂಕುಳಿಗೆ ಸೇರಿಸಿಕೊಂಡ. ಗುರುವಿನ ಕಾಲಿಗೆ ಬಗ್ಗಿದ. ಗುರು ಅವನ ಕೈ ಹಿಡಿದುಕೊಂಡರು, ಬಿಡಲಿಲ್ಲ.

"ಬೊಮ್ಮಯ್ಯ, ಒಂಬತ್ತು ವರ್ಷ, ಪಾಠ ಮುಗಿದ ಮೇಲೆ ಈ ಜಗಲಿಯಲ್ಲಿ ಸುಮ್ಮನೆ ಕೂತು ನಾನು ಯಾವ ಕಡೆ ನೋಡುತ್ತಿದ್ದೆ?"